ಗುಮಾಸ್ತರು ಹೊಲಿದ ಏಳನೆಯ ಪುಟ

ಹೋದ ವಾರ ದರೋಜಿಯ ಆಚೆ ಒಂದು ತೋಟದ ಮನೆಗೆ ಎಮ್ಮೆ ನೋಡಲು ಹೋಗಿದ್ದೆ. ನಾನು ಪಶುವೈದ್ಯೆ, ಕಂಪ್ಲಿ ಕಡೆಯ ನಾಲ್ಕಾರು ಹಳ್ಳಿ ನನ್ನ ಪಾಲಿಗೆ ಬರುತ್ತವೆ. ಎಮ್ಮೆಯ ತೊಡೆ ಗೇಣುದ್ದ ಸೀಳಿತ್ತು. ನಾನು ಸ್ಕೂಟರಿನಿಂದ ಇಳಿಯುವ ಮೊದಲೇ ಮನೆಯ ಯಜಮಾನ "ಕರಡಿ ಪರಚೈತ್ರಿ ಮೇಡಂ, ಕರಡೀನ" ಎಂದು ಎರಡು ಸಲ ಹೇಳಿದ. ಎಮ್ಮೆಯ ಚರ್ಮಕ್ಕೆ ನನ್ನ ಸೂಜಿ ಬಾಗಿತು. ನಾನು ಗೊಣಗಿದ್ದು ಕೇಳಿ ಅವನ ಹೆಂಡತಿ ಒಳಗಿನಿಂದ ಗೋಣಿಚೀಲ ಹೊಲಿಯುವ ದಬ್ಬಳ ತಂದು ಚಾಚಿದಳು. ಬಿಳಿ ದಾರ ಪೋಣಿಸಿಯೇ ಇತ್ತು. ದಾರ ಸರಾಗವಾಗಿ ಎಳೆಯಲೆಂದು ಜೇನುಮೇಣ ತೀಡಿದ್ದಳು.

"ಬ್ಯಾಡವ್ವಾ, ನನ್ನ ಹತ್ರ ಇನ್ನೊಂದು ಸೂಜಿ ಐತಿ" ಅಂದೆ. ಅಂದೆನೇ ಹೊರತು ದಬ್ಬಳ ವಾಪಸ್ಸು ಕೊಡಲಿಲ್ಲ. ಮೇಣದ ವಾಸನೆ ಮೂಗಿಗೆ ಹತ್ತಿತ್ತು. ಆ ವಾಸನೆ ನನಗೆ ಒಬ್ಬರದೇ... ಹೊಸಪೇಟೆ ಚಿತ್ತವಾಡ್ಗಿಯ ನಮ್ಮ ಎದುರುಮನೆಯ ಗುಮಾಸ್ತರದು.

ಅವರು ಹೊಸಪೇಟೆಯ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದರು. ಓಣಿಯವರಿಗೆಲ್ಲ ಅವರು ಬರೀ 'ಗುಮಾಸ್ತರು'. ಬಿಳಿ ಅಂಗಿ, ಜೇಬಿನ ಮೇಲೆ ತೊಳೆದರೂ ಹೋಗದ ನೀಲಿ ಕಲೆ, ಜೇಬಿನ ಅಂಚಿಗೆ ಅಡ್ಡ ಚುಚ್ಚಿದ ದಬ್ಬಳ. ಕೋರ್ಟಿನ ಫೈಲು ಹೊಲಿಯುವುದು ಅವರ ಕೆಲಸ. ಹಸಿರು ಅಂಚಿನ ಉದ್ದನೆಯ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ, ಪುಟದ ನೆತ್ತಿಯ ಮೇಲೆ ಕೈಯಿಂದ ನಂಬರು ಹಾಕಿ, ಮೂರು ತೂತು ಕೊರೆದು, ಮೇಣದ ದಾರ ಎಳೆದು ಗಂಟು ಹಾಕುತ್ತಿದ್ದರು. ಪುಟಗಳನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಎಣಿಸುತ್ತಿದ್ದರು. ಹಿಂದಿನಿಂದ ಯಾಕೆ ಎಂದು ಕೇಳಿದರೆ, "ಮುಂದಿಂದ ಎಣಿಸಾಗ ಕಣ್ಣು ತಾನ ನಂಬರು ಹೇಳಿಬಿಡತೈತಿ, ಹಿಂದಿಂದ ಹಂಗ ಆಗಂಗಿಲ್ಲ" ಅನ್ನುತ್ತಿದ್ದರು.

ಹಂಪಿಯ ಅಂಗಡಿಯವರು, ಸಂಡೂರಿನ ಲಾರಿಯವರು, ಕಂಪ್ಲಿಯ ಕಾಲುವೆ ನೀರಿನ ತಕರಾರಿನವರು, ಎಲ್ಲರ ಫೈಲುಗಳೂ ಅವರ ಕೈ ದಾಟಿ ಹೋಗಿದ್ದವು. ಮೊದಲು ಹೈಕೋರ್ಟು ಅಂದರೆ ಬೆಂಗಳೂರೇ. ಅಲ್ಲಿಗೆ ಹೋದವರು ಅಲ್ಲಿನ ಲಾಡ್ಜು, ಅಲ್ಲಿನ ಆಟೋ, ಅಲ್ಲಿನ ಮಾತು ಎಲ್ಲದಕ್ಕೂ ಬೆದರಿ, ಎರಡನೇ ಸಲಕ್ಕೆ ಕೇಸೇ ಬೇಡ ಎಂದು ಕೂತುಬಿಡುತ್ತಿದ್ದರಂತೆ. ಧಾರವಾಡದಲ್ಲಿ ಪೀಠ ಆದ ಮೇಲೆ ಬೆಳಗಿನ ರೈಲಿಗೆ ಹೋಗಿ ಸಂಜೆ ಮನೆಗೆ ಬಂದು ಊಟ ಮಾಡಬಹುದಾಯಿತು. ಗುಮಾಸ್ತರು ಅದನ್ನು ತಮ್ಮ ಮನೆಯ ಶುಭಕಾರ್ಯದಷ್ಟು ಸಂಭ್ರಮದಿಂದ ಹೇಳುತ್ತಿದ್ದರು. "ನಾವು ಅರ್ಧ ದಾರಿ ಹೋದ್ರ ಸಾಕು, ಇನ್ನರ್ಧ ಕೋರ್ಟ ಬಂದೈತಿ" ಎಂಬುದು ಅವರ ಲೆಕ್ಕ.

ಅವರಿಗೆ ಇನ್ನೊಂದು ಚಾಳಿ ಇತ್ತು. ಅವರ ವಕೀಲರಿಗೆ ಅದರಿಂದ ತಲೆನೋವು. ಅರ್ಜಿಯ ಕೊನೆಯಲ್ಲಿ 'ಇದರಲ್ಲಿರುವುದನ್ನು ನನಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ಎಲ್ಲವೂ ನಿಜ' ಎಂಬ ಸಾಲಿರುತ್ತದೆ. ಬಹಳ ಕಡೆ ಆ ಸಾಲಿನ ಕೆಳಗೆ ಬೆರಳಿಟ್ಟು 'ಇಲ್ಲಿ ಸಹಿ ಮಾಡು' ಅಂದರೆ ಮುಗಿಯಿತು. ಗುಮಾಸ್ತರು ಹಾಗೆ ಬಿಡುವವರಲ್ಲ. ಇಂಗ್ಲಿಷಿನ ಒಂದೊಂದು ಸಾಲಿನ ಕೆಳಗೂ ದಬ್ಬಳದ ಮೊಂಡು ತುದಿ ಇಟ್ಟು, ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿ, ಪ್ರತಿ ಪ್ಯಾರಾ ಮುಗಿದಾಗ "ಹೌದೇನು?" ಎಂದು ಕೇಳಿ, ಹೌದು ಅನ್ನಿಸಿಕೊಂಡೇ ಮುಂದಕ್ಕೆ ಹೋಗುತ್ತಿದ್ದರು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಇಂಗ್ಲಿಷು ಬಂದದ್ದು ಹೊಲಿದು ಹೊಲಿದು.

ಆ "ಹೌದೇನು?" ನಮ್ಮ ಮನೆಗೂ ಒಂದು ದಿನ ಬಂತು.

ಹತ್ತು ವರ್ಷದ ಮೇಲಾಯಿತು. ಪಿಯುಸಿ ಮುಗಿದು ನನಗೆ ಪಶುವೈದ್ಯ ಕೋರ್ಸಿನ ಸೀಟು ಸಿಗುವ ಹಾಗಿತ್ತು. ನಮ್ಮ ಭಾಗದವರಿಗೆಂದು ಸಂವಿಧಾನದ ಮುನ್ನೂರ ಎಪ್ಪತ್ತೊಂದು-ಜೆ ಅಡಿಯಲ್ಲಿ ಮೀಸಲಿರುವ ಸೀಟು ಅದು. ಅದಕ್ಕೆ ನಾನು ಈ ಭಾಗದವಳೇ ಎಂಬ ಪ್ರಮಾಣಪತ್ರ ಬೇಕು. ಕಚೇರಿಯೊಂದರಿಂದ ಬಂದ ಉತ್ತರ ಒಂದೇ ಸಾಲು: ಅರ್ಜಿದಾರಳ ಜನನ ಆಂಧ್ರಪ್ರದೇಶದಲ್ಲಿ ಆಗಿದೆ, ಆದ್ದರಿಂದ ತಿರಸ್ಕರಿಸಲಾಗಿದೆ.

ಜನನ ಆಂಧ್ರದಲ್ಲಿ ಆಗದೆ ಇನ್ನೆಲ್ಲಿ ಆಗಬೇಕು? ಅವ್ವನ ತವರು ರಾಯದುರ್ಗದ ಕಡೆಯ ಹಳ್ಳಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಗಡಿ ಎಲ್ಲಿದೆ ಎಂದು ನೋಡಿ ಯಾರೂ ಬಸುರಿಯನ್ನು ಕರೆದೊಯ್ಯುವುದಿಲ್ಲ. ಅಪ್ಪ ಕಂಪ್ಲಿಯವನು, ಕುರೆಕುಪ್ಪದ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ನಾನು ಅಂಗನವಾಡಿಯಿಂದ ಪಿಯುಸಿವರೆಗೆ ಹೊಸಪೇಟೆ ಬಿಟ್ಟು ಹೊರಗೆ ಓದಿದವಳಲ್ಲ. ಇಷ್ಟಿದ್ದರೂ ನಾನು ಹೊರಗಿನವಳು! ಆ ಕಾಗದ ಹಿಡಿದುಕೊಂಡು ನಾನು ಎರಡು ದಿನ ಊಟ ಬಿಟ್ಟೆ. ಮುಂದಿನ ಶನಿವಾರ ಸೀಟಿನ ದಾಖಲೆ ಪರಿಶೀಲನೆಗೆ ಕೊನೆಯ ದಿನ. ಅಷ್ಟರೊಳಗೆ ಪತ್ರ ಇಲ್ಲದಿದ್ದರೆ ಸೀಟು ಮುಂದಿನವರಿಗೆ.

ಅಪ್ಪನಿಗೆ ಏನೂ ತೋಚಲಿಲ್ಲ. ಗುಮಾಸ್ತರೇ ಕಾಗದ ಇಸಿದುಕೊಂಡು ಓದಿ, "ಇದಕ್ಕ ಅಳೂದ್ಯಾಕ? ಹೈಕೋರ್ಟ ಇರೂದ ಇಂಥಾದ್ದಕ್ಕ. ಇಲ್ಲಿ ಕೋರ್ಟಿನಾಗ ಸಾಕ್ಷಿದಾರರು ಬೇಕು, ವರ್ಷಗಟ್ಲೆ ಆಗತೈತಿ. ಅಲ್ಲಿ ರಿಟ್ ಹಾಕಿದ್ರ ಬರೇ ಕಾಗದ ಮಾತಾಡತಾವು. ಸರ್ಕಾರಿ ಕಚೇರಿಗೆ 'ಯಾಕ ಹಿಂಗ ಬರದಿ?' ಅಂತ ಕೇಳೋ ತಾಕತ್ತು ಐತಿ ಅದಕ್ಕ" ಅಂದರು. ಅವರ ವಕೀಲರು ಒಪ್ಪಿದರು. ಸೋಮವಾರ ಅರ್ಜಿ ಟೈಪಾಯಿತು. ಮಂಗಳವಾರ ಬೆಳಗಿನ ರೈಲಿಗೆ ಧಾರವಾಡ, ಅವತ್ತೇ ಫೈಲಿಂಗು ಎಂದು ಗೊತ್ತಾಯಿತು.

ಸೋಮವಾರ ಸಂಜೆ ಗುಮಾಸ್ತರು ಅರ್ಜಿ ಹಿಡಿದು ನಮ್ಮ ಮನೆಗೆ ಬಂದರು. ಅವ್ವ ಚಹಾ ಇಟ್ಟಳು. ಅಪ್ಪ ಪಾಳಿ ಮುಗಿಸಿ ಬಂದು ಹೊಸ್ತಿಲ ಹತ್ತಿರ ಕೂತಿದ್ದ. ಗುಮಾಸ್ತರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ದಬ್ಬಳ ತೆಗೆದು, ಓದಲು ಶುರು ಮಾಡಿದರು. ಹೌದೇನು? ಹೌದು. ಹೌದೇನು? ಹೌದು. ಏಳನೆಯ ಪುಟಕ್ಕೆ ಬಂದರು.

"ಹೆರಿಗೆ ಆಗಿ ಐದನೇ ತಿಂಗಳಿಗೆ ತಾಯಿ-ಮಗು ಹೊಸಪ್ಯಾಟಿಗೆ ವಾಪಸ್ ಬಂದ್ರು, ಆಮ್ಯಾಲೆ ಎಂದೂ ಹೊರಗ ಇರಲಿಲ್ಲ ಅಂತ ಐತಿ. ಇದು ನಿನಗ ಗೊತ್ತಿರೋ ಸಂಗತಿ ಅಲ್ಲ ತಂಗಿ, ನಿಮ್ಮವ್ವಗ ಗೊತ್ತಿರೂದು. ಹೌದೇನವ್ವ?"

ಅವ್ವ ಹೌದು ಅನ್ನಲಿಲ್ಲ. ಚಹಾದ ಲೋಟ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಐದನೇ ತಿಂಗಳು ಅನ್ನುವುದು ನಾನು ಹುಟ್ಟಿದಾಗಿನಿಂದ ಕೇಳಿದ ಮಾತು, ಓಣಿಗೆಲ್ಲ ಗೊತ್ತಿದ್ದ ಮಾತು. ವಕೀಲರಿಗೂ ಅವ್ವನೇ ಹೇಳಿದ್ದಳು. ಗುಮಾಸ್ತರು ಇನ್ನೊಮ್ಮೆ ಕೇಳಲಿಲ್ಲ. ದಬ್ಬಳ ಆ ಸಾಲಿನ ಕೆಳಗೇ ಇತ್ತು. ಅವರು ಸುಮ್ಮನೆ ಕಾದರು... ಅಷ್ಟು ಹೊತ್ತು ಯಾರಾದರೂ ಸುಮ್ಮನೆ ಕಾಯುವುದನ್ನು ನಾನು ಅದೇ ಮೊದಲು ನೋಡಿದ್ದು.

ಮಾತಾಡಿದ್ದು ಅಪ್ಪ. "ಒಂದೂವರೆ ವರ್ಷ ಆಗಿತ್ರಿ. ನಾನ ಕರಿಯಾಕ ಹೋಗಿರಲಿಲ್ಲ."

ಕಥೆ ಇಷ್ಟು. ನನ್ನ ತೊಟ್ಟಿಲ ಕಾರ್ಯದ ದಿನ ಕಂಪ್ಲಿಯಿಂದ ಹೊರಟ ನನ್ನ ಸೋದರತ್ತೆಯ ಬಸ್ಸು ಬಳ್ಳಾರಿಯಲ್ಲಿ ಕೆಟ್ಟು ನಿಂತಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಮುಹೂರ್ತ ಮೀರುತ್ತದೆ ಎಂದು ಅಜ್ಜಿಯ ಮನೆಯವರು ಪಕ್ಕದ ಮನೆಯ ಹೆಂಗಸಿನಿಂದ ಹೆಸರು ಹೇಳಿಸಿಬಿಟ್ಟರು. ಮಧ್ಯಾಹ್ನ ಬೆವರಿಳಿಸಿಕೊಂಡು ಬಂದಿಳಿದ ಅತ್ತೆ, ತಂದಿದ್ದ ಕುಬುಸ, ಬೆಳ್ಳಿ ಗೆಜ್ಜೆ ಅಲ್ಲೇ ಇಟ್ಟು, ಒಂದು ಗುಟುಕು ನೀರೂ ಕುಡಿಯದೆ ತಿರುಗಿ ಹೋದಳು. ಅತ್ತೆ ಮುನಿದಳೆಂದು ಅಪ್ಪ ಹೋಗಲಿಲ್ಲ. ಅಪ್ಪ ಕರೆಯಲು ಬರಲಿಲ್ಲವೆಂದು ಅಜ್ಜಿ ಅವ್ವನನ್ನು ಕಳಿಸಲಿಲ್ಲ. ಕರೆಯಲು ಬಾರದೆ ತಾನಾಗಿ ಗಂಡನ ಮನೆಗೆ ಹೋಗುವುದು ಹೇಗೆ? ಹೀಗೆ ಒಂದು ಕೆಟ್ಟ ಬಸ್ಸಿನಿಂದಾಗಿ ನಾನು ಆ ಊರಿನಲ್ಲೇ ನಡೆಯಲು ಕಲಿತೆ. ಆಮೇಲೆ ಎಲ್ಲ ಸರಿಹೋಯಿತು, ನಾವು ಈ ಓಣಿಗೆ ಬಂದದ್ದೂ ಆಮೇಲೆಯೇ. ಆದರೆ ಗಂಡ ಕರೆಯಲು ಬರಲಿಲ್ಲ ಅನ್ನುವುದನ್ನು ಅವ್ವ ಯಾರ ಮುಂದೆಯೂ ಆಡದೆ, ಐದನೇ ತಿಂಗಳು ಎಂದು ಹದಿನಾರು ವರ್ಷ ಹೇಳಿಕೊಂಡು ಬಂದಿದ್ದಳು.

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಅದೊಂದು ಹಂಗ ಇರ್ಲಿ ಬಿಡ್ರಿ ಗುಮಾಸ್ತರ. ಯಾರು ನೋಡತಾರ?"

"ಯಾರೂ ನೋಡಂಗಿಲ್ಲ ಅಂತನ ಇಟ್ಕೊ," ಗುಮಾಸ್ತರು ದಬ್ಬಳವನ್ನು ಜೇಬಿಗೆ ಚುಚ್ಚಿಕೊಂಡರು. "ಸಹಿ ಮಾಡೋದು ಈ ಹುಡುಗಿ. ಹದಿನೆಂಟು ತುಂಬಿ ಮೊದಲನೇ ಸಹಿ. ಅದನ್ನ ನಾ ಸುಳ್ಳಿನ ಕೆಳಗ ಹಾಕಸಂಗಿಲ್ಲ. ಈ ಪುಟ ಹೊಲಿಯಾಕ ನನ್ನ ಕೈ ಬರಂಗಿಲ್ಲವ್ವ."

ನನಗೆ ಎಂಥ ಸಿಟ್ಟು ಬಂತೆಂದರೆ! ಪುಟ ಬದಲಾಯಿಸಬೇಕು, ಮತ್ತೆ ಟೈಪು, ಆಮೇಲೆ ನೋಟರಿ. ಬೆಳಗಿನ ರೈಲು ತಪ್ಪುತ್ತದೆ, ಒಂದು ದಿನ ಹೋಗುತ್ತದೆ. ನನಗಿದ್ದದ್ದೇ ನಾಲ್ಕು ದಿನ. ವಕೀಲರು ಫೋನಿನಲ್ಲಿ ರೇಗಿದ್ದು ನಮಗೂ ಕೇಳಿಸಿತು. ಗುಮಾಸ್ತರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು "ಹ್ಞೂಂ ಸಾಹೇಬ್ರ, ಹ್ಞೂಂ" ಎಂದು ಎಲ್ಲ ಬೈಗುಳ ಮುಗಿಯುವವರೆಗೆ ಕೇಳಿ, ಕೊನೆಗೆ "ಪುಟ ಬದಲಿ ಮಾಡತೀನ್ರಿ" ಎಂದಷ್ಟೇ ಹೇಳಿದರು. ಅವತ್ತು ಅವರನ್ನು ನಾನು ಮನಸ್ಸಿನಲ್ಲೇ ಶಪಿಸಿದೆ. ಮುದುಕನಿಗೆ ನನ್ನ ಸೀಟಿಗಿಂತ ತನ್ನ ಚಾಳಿ ದೊಡ್ಡದಾಯಿತು ಅಂದುಕೊಂಡೆ.

ಮಂಗಳವಾರ ಟೈಪಿನ ಅಂಗಡಿ ತೆರೆಯುವವರೆಗೆ ಕಾದು, ಏಳನೆಯ ಪುಟವನ್ನು ಹೊಸದಾಗಿ ಮಾಡಿಸಿದರು. ಅದರಲ್ಲಿ ಎಲ್ಲವೂ ಇತ್ತು. ತವರಿನ ಹೆರಿಗೆ, ಸೋದರತ್ತೆಯ ಮುನಿಸು, ಒಂದೂವರೆ ವರ್ಷ. ಅದನ್ನು ಮತ್ತೆ ನಮಗೆ ಓದಿ ಹೇಳಿ, ಅವ್ವನಿಂದ "ಹೌದು" ಅನ್ನಿಸಿಕೊಂಡು, ನನ್ನ ಸಹಿ ಹಾಕಿಸಿ, ನೋಟರಿ ಮುದ್ರೆ ಒತ್ತಿಸಿ, ನಮ್ಮ ಮುಂದೆಯೇ ಹೊಲಿದರು. ಹಲ್ಲಿನಿಂದ ದಾರ ಕಡಿದು, ಫೈಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದರು. ವಕೀಲರು, ಗುಮಾಸ್ತರು, ಅಪ್ಪ, ನಾನು ಬಸ್ಸು ಹತ್ತಿದೆವು. ಕೊಪ್ಪಳ, ಗದಗ, ಹುಬ್ಬಳ್ಳಿ... ಫೈಲಿನ ಗಂಟು ಗುಮಾಸ್ತರ ತೊಡೆಯ ಮೇಲೇ ಇತ್ತು. ಕೊಪ್ಪಳದಲ್ಲಿ ಅಪ್ಪ ತಂದ ಮಂಡಕ್ಕಿ-ಮಿರ್ಚಿಯನ್ನು ಫೈಲಿಗೆ ಎಣ್ಣೆ ತಾಗುತ್ತದೆ ಎಂದು ಮುಟ್ಟಲಿಲ್ಲ.

ನನ್ನ ಊದಿದ ಮುಖ ನೋಡಿ ಗದಗ ದಾಟಿದ ಮೇಲೆ ಒಂದು ಮಾತು ಹೇಳಿದರು. "ಸಿಟ್ಟು ಬಂದೈತಲ್ಲ? ಬರಲಿ. ಆದ್ರ ಕೇಳು. ದಿಲ್ಲಿಯಾಗೂ ಕೋರ್ಟ ಐತಿ, ಭಾಳ ದೊಡ್ಡದು. ಅಲ್ಲಿ ಹೋದ್ರ ತವರುಮನಿ ಅಂದ್ರ ಏನು, ತೊಟ್ಟಿಲ ಕಾರ್ಯ ಅಂದ್ರ ಏನು, ಎಲ್ಲಾ ಬಿಡಿಸಿ ಹೇಳಬೇಕು. ಇಲ್ಲಿ ಕುಂತೋರಿಗೆ ಅವೆಲ್ಲ ಮನಿ ಮಾತು. ಅದಕ್ಕ ಇಲ್ಲಿ ಖರೇ ಹೇಳೂದು ಹಗುರ, ಸುಳ್ಳು ಹೇಳೂದು ಭಾಳ ಕಷ್ಟ."

ಬುಧವಾರ ಫೈಲು ಒಳಗೆ ಹೋಯಿತು. ಗುರುವಾರ ಕೇಸು ಬಂತು. ಧಾರವಾಡದ ಹೊರಗೆ ಹೆದ್ದಾರಿಯ ಪಕ್ಕದ ಆ ದೊಡ್ಡ ಕಟ್ಟಡದಲ್ಲಿ ನಾನು ಅಪ್ಪನ ಪಕ್ಕ ಕೂತಿದ್ದೆ. ಗುಮಾಸ್ತರು ಕೋರ್ಟ್ ಹಾಲಿನ ಹಿಂದಿನ ಬಾಗಿಲಿನ ಬಳಿ ನಿಂತರು. ಎಷ್ಟು ಕರೆದರೂ ಕೂರಲಿಲ್ಲ. "ಕುಂದ್ರಾಕ ಬರಂಗಿಲ್ಲ ನನಗ, ನೀ ಕುಂದ್ರು" ಅಂದರು.

ನಮ್ಮ ವಕೀಲರ ಮಾತು ಮುಗಿದ ಮೇಲೆ ಸರ್ಕಾರದ ಪರ ವಕೀಲರು ಎದ್ದರು. ಅವರ ಕೈಯಲ್ಲಿ ಒಂದು ಹಳದಿ ಕಾರ್ಡಿತ್ತು. ಅದು ನನ್ನದೇ ಲಸಿಕೆ ಕಾರ್ಡು. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ, ಯಾವುದಕ್ಕೂ ಇರಲಿ ಎಂದು ಅವ್ವ ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ಒಟ್ಟಿಗೆ ಕೊಟ್ಟುಬಿಟ್ಟಿದ್ದಳು. ಅದರಲ್ಲಿ, ನನಗೆ ಹದಿನೈದು ತಿಂಗಳಾದಾಗ ಆ ಊರಿನಲ್ಲೇ ಚುಚ್ಚಿದ ಲಸಿಕೆಯ ದಾಖಲೆ ತೆಲುಗಿನಲ್ಲಿ ಇತ್ತು. ಕುಟುಂಬ ಅಲ್ಲಿಯದೇ ಎನ್ನುವುದಕ್ಕೆ ಇದು ಪುರಾವೆ ಎಂದು ಅವರು ವಾದಿಸಿದರು.

ನ್ಯಾಯಮೂರ್ತಿಗಳು ಕಾರ್ಡು ನೋಡಿದರು. ಆಮೇಲೆ ನಮ್ಮ ಫೈಲಿನ ಪುಟ ತಿರುವಿದರು. ಆ ಪುಟಗಳ ಸದ್ದು ನನಗೆ ಇವತ್ತೂ ಕೇಳಿಸುತ್ತದೆ. ಒಂದು ಪುಟದಲ್ಲಿ ಕೈ ನಿಲ್ಲಿಸಿ, ಕನ್ನಡದಲ್ಲೇ ಹೇಳಿದರು: "ಅವರೇ ಹೇಳಿಕೊಂಡಿದ್ದಾರಲ್ಲ, ಏಳನೇ ಪುಟದಲ್ಲಿ. ಒಂದೂವರೆ ವರ್ಷ ಅಂತ. ಸೋದರತ್ತೆ ಮುನಿಸಿಕೊಂಡಿದ್ದನ್ನೂ ಬರೆದಿದ್ದಾರೆ. ಹೆರಿಗೆಗೆ ತವರಿಗೆ ಹೋಗದೆ ಮತ್ತೆಲ್ಲಿಗೆ ಹೋಗಬೇಕ್ರಿ?"

ಹಾಲಿನಲ್ಲಿ ಸಣ್ಣಗೆ ನಗು ಎದ್ದಿತು. ಸರ್ಕಾರದ ವಕೀಲರೂ ನಕ್ಕರು. ತಂದೆ ಈ ನೆಲದವನು, ಮಗಳು ಬೆಳೆದದ್ದು ಓದಿದ್ದು ಎಲ್ಲ ಇಲ್ಲೇ, ಪ್ರಮಾಣಪತ್ರ ಕೊಡಬೇಕು, ಅದು ಕೈಸೇರುವವರೆಗೆ ಸೀಟನ್ನು ಬೇರೆಯವರಿಗೆ ಕೊಡಬಾರದು ಎಂದು ಆದೇಶವಾಯಿತು. ಐದು ನಿಮಿಷವೂ ಹಿಡಿಯಲಿಲ್ಲ. ಐದನೇ ತಿಂಗಳು ಎಂದು ಬರೆದಿದ್ದರೆ? ಹೊರಗೆ ಬಂದ ಮೇಲೆ ನಮ್ಮ ವಕೀಲರೇ ಹೇಳಿದರು, ಸುಳ್ಳು ಪ್ರಮಾಣ ಮಾಡಿದವರ ಮಾತು ಮುಂದೆ ಯಾವುದನ್ನೂ ಕೋರ್ಟು ನಂಬುತ್ತಿರಲಿಲ್ಲ, ಅಲ್ಲಿಗೆ ಮುಗಿಯುತ್ತಿತ್ತು ಎಂದು. ಹೇಳಿ, ಗುಮಾಸ್ತರ ಹೆಗಲ ಮೇಲೆ ಕೈಯಿಟ್ಟರು.

ಗುಮಾಸ್ತರು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ನಾನು ಹೋಗಿ ಕಾಲು ಮುಟ್ಟಿದೆ. ಸಿಟ್ಟು ಮಾಡಿಕೊಂಡಿದ್ದೆ, ಶಪಿಸಿದ್ದೆ, ತಪ್ಪಾಯಿತು ಎಂದೆಲ್ಲ ಹೇಳಬೇಕಿತ್ತು. ಅಷ್ಟರಲ್ಲೇ ಅವರು ರಟ್ಟೆ ಹಿಡಿದು ಎಬ್ಬಿಸಿದರು. "ಏ ಏಳಲೇ ಹುಚ್ಚವ್ವ, ಈಗರ ಮಂಡಕ್ಕಿ ಕೊಡಸು" ಅಂದರು.

ನಾವು ಊರಿಗೆ ಬಂದ ಮೇಲೆ ಅವ್ವನೇ ನೀರಿನ ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಹೇಳಿದಳು, ಒಂದೂವರೆ ವರ್ಷ ಇದ್ದೆ ತವರಾಗ, ಇವರು ಬರಲಿಲ್ಲ, ಏನೀಗ ಎಂದು. ಅಷ್ಟು ವರ್ಷ ಹೊತ್ತದ್ದು ಇಳಿಸಿ ಅವಳ ಮುಖವೇ ಬೇರೆಯಾಗಿತ್ತು. ಕಂಪ್ಲಿಯ ಅತ್ತೆ ಮೊದಲು ಕೆಂಡವಾದಳು. ಎರಡು ವಾರ ಕಳೆದ ಮೇಲೆ, "ನನ್ನ ಸಿಟ್ಟು ಹೈಕೋರ್ಟಿನಾಗ ಬರದಾರಂತ" ಎಂದು ನೆಂಟರಿಗೆಲ್ಲ ತಾನೇ ಹೇಳಿಕೊಂಡು ತಿರುಗಿದಳು.

ಗುಮಾಸ್ತರು ಕೋರ್ಟನ್ನು ದೇವರೆಂದು ಹೇಳಿದವರಲ್ಲ. ಅವರು ಹೊಲಿದ ಎಷ್ಟೋ ಫೈಲು ಸೋತು ಬಂದಿದ್ದವು. ಸೋಲುವ ಫೈಲು ಯಾವುದೆಂದು ಅವರಿಗೆ ಮೊದಲೇ ಅಂದಾಜಿರುತ್ತಿತ್ತು. ಆದರೂ ಅದಕ್ಕೂ ಅಷ್ಟೇ ಮೇಣ, ಅಷ್ಟೇ ಗಂಟು. ನನ್ನ ಓದು ನಡೆದಿರುವಾಗಲೇ ಅವರು ಕೆಲಸ ಬಿಟ್ಟು ಮನೆಯಲ್ಲಿ ಒಂದು ಆಕಳು ಸಾಕಿದ್ದರು. ರಜೆಗೆ ಹೋದಾಗಲೆಲ್ಲ ಆಕಳ ಬಗ್ಗೆಯೇ ಮಾತು. ನನ್ನ ಕೊನೆಯ ವರ್ಷದಲ್ಲಿ ಆಕಳ ಕೆಚ್ಚಲ ಮೇಲೆ ಒಂದು ಗಾಯವಾಗಿತ್ತಂತೆ. ಸಣ್ಣದು. ಬೇರೆ ಡಾಕ್ಟರನ್ನು ಕರೆಸಿ ಎಂದರೆ, "ನಮ್ಮ ಡಾಕ್ಟ್ರು ಬರತಾಳ, ಅಲ್ಲೀತನಕ ಅರಿಶಿಣ ಹಚ್ಚತೀನಿ" ಅಂದರಂತೆ. ಅವ್ವ ಫೋನಿನಲ್ಲಿ ಎರಡು ಸಲ ಹೇಳಿದಳು. ಪರೀಕ್ಷೆ ಮುಗಿಸಿ ಬರುತ್ತೇನೆ ಅಂದೆ. ಪರೀಕ್ಷೆ ಮುಗಿಯಿತು, ಆಮೇಲೆ ಮತ್ತೇನೋ... ನಾನು ಬರುವಷ್ಟರಲ್ಲಿ ಗುಮಾಸ್ತರು ತೀರಿಹೋಗಿ ತಿಂಗಳಾಗಿತ್ತು. ಅವರ ಮನೆಯವರು ಆಕಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ನನ್ನನ್ನು ಡಾಕ್ಟರು ಮಾಡಿದವರ ಕೊಟ್ಟಿಗೆಗೆ ನಾನು ಒಂದು ದಿನವೂ ಡಾಕ್ಟರಾಗಿ ಹೋಗಲಿಲ್ಲ. ಈ ಮಾತು ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಈಗ ಫೈಲು ಹೊಲಿಯುವುದೂ ಕಡಿಮೆಯಾಗುತ್ತಿದೆಯಂತೆ. ಎಲ್ಲ ಸ್ಕ್ಯಾನು, ಕಂಪ್ಯೂಟರು. ಒಳ್ಳೆಯದೇ. ಆದರೆ ಪ್ರತಿ ಪ್ಯಾರಾ ಆದ ಮೇಲೆ ನಿಲ್ಲಿಸಿ "ಹೌದೇನು?" ಎಂದು ಕೇಳುವವರು ಇದ್ದಾರೋ ಇಲ್ಲವೋ ಗೊತ್ತಿಲ್ಲ.

ದರೋಜಿಯ ಎಮ್ಮೆಯ ತೊಡೆಗೆ ಒಂಬತ್ತು ಹೊಲಿಗೆ ಬಿತ್ತು. ಕೈ ತೊಳೆದುಕೊಂಡು ಬಂದಾಗ ಯಜಮಾನ ಒಂದು ಫಾರ್ಮು ಹಿಡಿದು ನಿಂತಿದ್ದ. ಕಾಡುಪ್ರಾಣಿಯಿಂದ ಗಾಯವಾದರೆ ಪರಿಹಾರ ಕೇಳುವ ಫಾರ್ಮು. ಅವನ ಸಹಿಗೆ ಒಂದು ಜಾಗ, ಡಾಕ್ಟರ ಸಹಿಗೆ ಒಂದು ಜಾಗ. ಗಾಯದ ಅಂಚು ನೋಡಿದಾಗಲೇ ನನಗೆ ಗೊತ್ತಾಗಿತ್ತು. ಕರಡಿಯ ಉಗುರು ಹಾಗೆ ಒಂದೇ ಗೆರೆ ಸೀಳುವುದಿಲ್ಲ. ನನ್ನ ಜಾಗದಲ್ಲಿ 'ಇದು ಕರಡಿಯ ಗಾಯವಲ್ಲ' ಎಂದು ಸುಮ್ಮನೆ ಬರೆದು, ಸ್ಕೂಟರು ಹತ್ತಿ ಹೋಗಬಹುದಿತ್ತು. ನಾನು ಕಟ್ಟೆಯ ಮೇಲೆ ಕೂತೆ. ವಾಪಸ್ಸು ಕೊಡದೆ ಬ್ಯಾಗಿಗೆ ಚುಚ್ಚಿಟ್ಟಿದ್ದ ದಬ್ಬಳವನ್ನು ಕೈಗೆ ತೆಗೆದುಕೊಂಡೆ. ಅದರ ಮೊಂಡು ತುದಿಯನ್ನು ಮೊದಲ ಸಾಲಿನ ಕೆಳಗೆ ಇಟ್ಟು ಓದತೊಡಗಿದೆ.

"ಕಾಡುಪ್ರಾಣಿ ದಾಳಿ ಮಾಡಿ ಗಾಯ ಆಗೈತಿ, ಇದು ಖರೇ ಅಂತ ಸಹಿ ಮಾಡತೀನಿ ಅಂತ ಐತ್ರಿ. ಹೌದೇನ್ರಿ?"

ಅವನು ಎಮ್ಮೆಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ನಾನು ಇನ್ನೊಮ್ಮೆ ಕೇಳಲಿಲ್ಲ. ಗುಮಾಸ್ತರು ಅವತ್ತು ಕಾದ ಹಾಗೆ ಕಾದೆ...

"ತಂತಿ ಬೇಲಿರಿ ಮೇಡಂ," ಅಂದ ಕೊನೆಗೆ. "ನಾನ ಹೋದ ತಿಂಗಳ ಹಾಕಿದ್ದೆ." ಫಾರ್ಮನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮಡಿಸಿಟ್ಟುಕೊಂಡ. ಅವನ ಹೆಂಡತಿ ಮಜ್ಜಿಗೆ ತರಲು ಒಳಗೆ ಹೋದಳು. ಎದುರುಮನೆಗೆ ಹೋಗಿ ಗುಮಾಸ್ತರಿಗೆ ಇದನ್ನು ಹೇಳಬೇಕು ಅನ್ನಿಸಿತು. ಹೇಳಲು ಅಲ್ಲಿ ಯಾರೂ ಇಲ್ಲ ಎಂಬುದು ಆಮೇಲೆ ಹೊಳೆದು, ಆ ಕಟ್ಟೆಯ ಮೇಲೆ ಕೂತು, ಗುರುತಿಲ್ಲದವರ ಅಂಗಳದಲ್ಲಿ, ಅತ್ತುಬಿಟ್ಟೆ.